ಟ್ಯಾಂಕ್ ತೊಳೆದ ಚಿತ್ರಗಳು

ಭಾವನ ಕೀಬೋರ್ಡ್ ಮುಟ್ಟುವ ಮೊದಲು ಕೈ ತೊಳೆಯಬೇಕೋ, ಮುಟ್ಟಿದ ಮೇಲೆ ತೊಳೆಯಬೇಕೋ ಎಂಬುದು ಚಿಕ್ಕ ಸೊಸೆಗೆ ಎಂದೂ ಬಗೆಹರಿಯದ ಪ್ರಶ್ನೆ. ಅಕ್ಷರಗಳ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಉಗುರಿನ ಚೂರು, ಎಲ್ಲಿಂದ ಉದುರಿತೆಂದು ಕೇಳಬಾರದ ಕೂದಲು. ಪಕ್ಕದ ಕಸದ ಬುಟ್ಟಿ ತುಂಬಿ, ಅದರ ಮೇಲೊಂದು ಗೋಪುರ ಎದ್ದು, ಗೋಪುರವೂ ಕುಸಿದು ಬಿದ್ದಿತ್ತು. ಕಟ್ಟಡದ ನಿವಾಸಿಗಳ ಸಂಘದ ಆಫೀಸು ಎಂದರೆ ಮೆಟ್ಟಿಲ ಕೆಳಗಿನ ಈ ಗೂಡು. ಇದರಲ್ಲಿ ಭಾವ ಅಧ್ಯಕ್ಷರು. ಮನೆಯಲ್ಲಿ ಅವರು ಗಂಡನ ಅಣ್ಣ ಅಷ್ಟೇ, ಆದರೆ ಈ ಗೂಡಿಗೆ ಕಾಲಿಟ್ಟ ಕೂಡಲೇ ಅವರ ಕುತ್ತಿಗೆ ಸ್ವಲ್ಪ ಹಿಂದಕ್ಕೆ ವಾಲುತ್ತಿತ್ತು.

"ಸಂಘದ ಬ್ಲಾಗಲ್ಲಿ ಚಿತ್ರ ಕಾಣ್ತಿಲ್ಲವಂತೆ. ಮೂರನೇ ಮಹಡಿಯವರು ಬೊಬ್ಬೆ ಹೊಡೀತಿದಾರೆ," ಎಂದರು ಭಾವ, ಬೀಗದ ಕೈಯಿಂದ ಕಿವಿ ಕೆರೆಯುತ್ತಾ. "ನನಗೆ ಚೆನ್ನಾಗೇ ಕಾಣ್ತಿದೆ. ಅವರ ಫೋನೇ ಸರಿ ಇಲ್ಲ ಅಂದೆ. ಆದ್ರೂ ನೀನೊಂದು ಸಲ ನೋಡಿಬಿಡಮ್ಮ. ನಾಳೆ ಸಾಯಂಕಾಲ ಸಭೆ. ಟ್ಯಾಂಕ್ ತೊಳೆದಿರೋದನ್ನ ಪರದೆ ಮೇಲೆ ತೋರಿಸಬೇಕು."

ಕಿವಿಯಿಂದ ಹೊರಬಂದ ಬೀಗದ ಕೈಯನ್ನು ಅವರು ಒಮ್ಮೆ ನೋಡಿ, ಪ್ಯಾಂಟಿಗೆ ಒರೆಸಿಕೊಂಡರು. ಚಿಕ್ಕ ಸೊಸೆ ಮುಖ ಬೇರೆ ಕಡೆ ತಿರುಗಿಸಿದಳು.

ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ನಾಲ್ಕಾರು ಅಂಗಡಿಯವರ ಬ್ಲಾಗು ನೋಡಿಕೊಳ್ಳುವುದು ಅವಳ ಕೆಲಸ. ದರ್ಜಿಯ ಬ್ಲಾಗು, ಕನ್ನಡಕದವನ ಬ್ಲಾಗು, ಬೇಕರಿಯವಳ ಬ್ಲಾಗು. ಅವಕ್ಕೆ ಕಾಸು ಸಿಗುತ್ತಿತ್ತು. ಭಾವನ ಬ್ಲಾಗಿಗೆ ಸಿಗುತ್ತಿದ್ದದ್ದು ಭಾವ. ಹಾಗಿದ್ದೂ ಈ ಸಲ ಅವಳು ಕರೆದ ಕೂಡಲೇ ಇಳಿದು ಬಂದಿದ್ದಳು. ಭಾವನಿಗೆ ಉಪಕಾರ ಮಾಡಿದರೆ ಅವರ ಮನಸ್ಸು ಮೆತ್ತಗಾದೀತು, ಭಾನುವಾರದ ಮಾತು ಮುಂದಕ್ಕೆ ಹೋದೀತು ಎಂಬ ಆಸೆ.

ಭಾನುವಾರದ ಮಾತೆಂದರೆ ಅತ್ತೆಯ ಮಾತು. ಅತ್ತೆ ಚಿಕ್ಕ ಮಗನ ಮನೆಯಲ್ಲಿ, ಅಂದರೆ ಇವಳ ಮನೆಯಲ್ಲಿ ಇದ್ದವರು. ಚಿಕ್ಕ ಮಗ ರೈಲಿನ ಗಾರ್ಡ್. ಅವನು ಮನೆಯಲ್ಲಿದ್ದ ದಿನಕ್ಕಿಂತ ಹಳಿಯ ಮೇಲಿದ್ದ ದಿನವೇ ಹೆಚ್ಚು. ಹಾಗಾಗಿ ಮನೆಯಲ್ಲಿ ಇದ್ದದ್ದು ಅತ್ತೆ, ಸೊಸೆ ಇಬ್ಬರೇ. ಇಬ್ಬರಿಗೂ ಹೊಂದಿತ್ತು. ಟಿವಿ ಹಾಕಿಕೊಂಡು ಯಾರ ಬಟ್ಟೆ ಚೆನ್ನಾಗಿಲ್ಲ ಎಂದು ಹೇಳುತ್ತಾ ನಗುವಷ್ಟು ಹೊಂದಿತ್ತು. ಆದರೆ ಕಳೆದ ಕೆಲವು ತಿಂಗಳಿಂದ ಅತ್ತೆಗೆ ಹೊಟ್ಟೆ ಸರಿಯಿಲ್ಲ. ಒಂದು ವಾರ ಸರಿ, ಮರುವಾರ ವಾಂತಿ, ಭೇದಿ, ರಾತ್ರಿಯಿಡೀ ನರಳಾಟ. ಹಾಸಿಗೆಯ ಬಟ್ಟೆ ತೊಳೆದು ತೊಳೆದು ಚಿಕ್ಕ ಸೊಸೆಯ ಬೆರಳ ಸಂದಿ ಬಿರಿದಿತ್ತು. ಡಾಕ್ಟರು, "ಎಲ್ಲಿಂದಲೋ ಹೊಲಸು ಹೊಟ್ಟೆಗೆ ಸೇರ್ತಿದೆ. ನೀರು ನೋಡಿ, ಅಡುಗೆ ನೋಡಿ," ಎಂದರು. ಮನೆಯಲ್ಲಿ ಕುಡಿಯುವ ನೀರು, ಅಡುಗೆಯ ನೀರು ಎಲ್ಲ ಫಿಲ್ಟರಿನದು. ಟ್ಯಾಂಕ್ ಅಂತೂ ತಪ್ಪದೆ ತೊಳೆಯುತ್ತಾರೆ, ಬ್ಲಾಗಿನಲ್ಲಿ ಚಿತ್ರವೇ ಇದೆ. ಉಳಿದದ್ದು ಅಡುಗೆಮನೆ. ಅಡುಗೆಮನೆ ಎಂದರೆ ಚಿಕ್ಕ ಸೊಸೆ.

ಭಾವ ಒಂದು ದಿನ ಬಂದು ಅವಳ ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದರು. ಬೆರಳಿನಿಂದ ಒಲೆಯ ಹಿಂದಿನ ಗೋಡೆ ಸವರಿ, ಆ ಬೆರಳನ್ನು ತಮ್ಮನ ಮುಂದೆ ಹಿಡಿದರು. ಬೆರಳಿಗೆ ಏನೂ ಅಂಟಿರಲಿಲ್ಲ. ಆದರೂ ತಮ್ಮ ತಲೆ ತಗ್ಗಿಸಿದ. ಊರಾಚೆಯ ಆರೈಕೆ ಕೇಂದ್ರವೊಂದರಲ್ಲಿ ಅಮ್ಮನಿಗೆ ಹಾಸಿಗೆ ಗೊತ್ತಾಯಿತು, ಬರುವ ಭಾನುವಾರವೇ ಹೊರಡುವುದು ಎಂದಾಯಿತು. "ಅಲ್ಲಿ ಊಟ ಚೊಕ್ಕ," ಎಂದರು ಭಾವ. ಅಮ್ಮನನ್ನು ತಮ್ಮದೇ ಮನೆಗೆ ಕರೆದೊಯ್ಯುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಅವರದು ಇದೇ ಕಟ್ಟಡದ ಮೊದಲ ಮಹಡಿ, ಹತ್ತು ಮೆಟ್ಟಿಲ ದೂರ.

ಇಷ್ಟೆಲ್ಲ ಆದರೂ ಚಿಕ್ಕ ಸೊಸೆ ಸಹಿಸಿದ್ದಳು. ಸಹಿಸಲಾಗದ್ದು ಇನ್ನೊಂದು. ಅತ್ತೆ ಈಗೀಗ ತಟ್ಟೆಯನ್ನು ಮೂಗಿನ ಹತ್ತಿರ ತಂದು, ಮೂಸಿ, ಆಮೇಲೆ ತುತ್ತು ಎತ್ತುತ್ತಿದ್ದರು. ಯಾರಿಗೂ ಕಾಣಬಾರದೆಂದು ಮೆಲ್ಲಗೆ ಮೂಸುತ್ತಿದ್ದರು. ಅದು ಕಂಡ ದಿನ ಅವಳು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಸರಿ, ಕೆಲಸಕ್ಕೆ ಬರೋಣ. ಭಾವನ ಕಂಪ್ಯೂಟರಿನಲ್ಲಿ ಬ್ಲಾಗು ತೆರೆದರೆ ಚಿತ್ರಗಳೆಲ್ಲ ಲಕ್ಷಣವಾಗಿ ಇದ್ದವು. ತನ್ನ ಫೋನಿನಲ್ಲಿ ತೆರೆದಳು. ಬರೀ ಬೂದು ಚೌಕ, ಅದರ ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಗುರುತು. ಭಾವನದೇ ಕಂಪ್ಯೂಟರಿನಲ್ಲಿ ಹಳೆಯದೇನನ್ನೂ ನೆನಪಿಟ್ಟುಕೊಳ್ಳದ ಖಾಸಗಿ ಕಿಟಕಿಯೊಂದನ್ನು ತೆರೆದು ನೋಡಿದಳು. ಅಲ್ಲಿಯೂ ಬೂದು ಚೌಕವೇ.

"ನೋಡಿ ಭಾವ, ನಿಮಗೆ ಕಾಣ್ತಿರೋದು ನಿಮ್ಮ ಬ್ರೌಸರ್ ಹಿಂದೆ ಯಾವಾಗಲೋ ತೆಗೆದಿಟ್ಟುಕೊಂಡಿದ್ದು. ನಿಜವಾಗಿ ಅಲ್ಲಿ ಚಿತ್ರ ಇಲ್ಲ."

"ಇಲ್ಲ ಅಂದ್ರೆ? ಕಣ್ಣೆದುರಿಗೇ ಇದೆಯಲ್ಲ!"

ಅವಳು ಚಿತ್ರದ ವಿಳಾಸ ನೋಡಿದಳು. ಬ್ಲಾಗು ಬೇಗ ತೆರೆಯಲಿ ಎಂದು ಒಂದು ಕ್ಯಾಶ್ ಸೇವೆ ಹಾಕಿಸಿಕೊಟ್ಟವಳು ಅವಳೇ. ಈ ಕ್ಯಾಶ್ ದುಡ್ಡಿನದಲ್ಲ. ಚಿತ್ರಗಳ ನಕಲು ಕಾದಿಟ್ಟುಕೊಂಡು, ಕೇಳಿದವರಿಗೆ ಥಟ್ಟನೆ ಕೊಡುವ ನಡುವಿನ ಸರ್ವರ್. ಆದರೆ ಅದಕ್ಕೊಂದು ನಿಯಮವಿದೆ. ಆಗಾಗ ಮೂಲದ ಹತ್ತಿರ ಹೋಗಿ ಅಸಲು ಇದೆಯೇ ಎಂದು ನೋಡಿ ಬರುತ್ತದೆ. ಅಸಲು ಇಲ್ಲವೆಂದರೆ ನಕಲನ್ನೂ ಎಸೆಯುತ್ತದೆ. ನಡುವಿನ ಸರ್ವರನ್ನು ಬಿಟ್ಟು ನೇರವಾಗಿ ಅಸಲಿನ ವಿಳಾಸ ಒತ್ತಿದಳು. ಸಿಗಲಿಲ್ಲ ಎಂಬ ಉತ್ತರ ಬಂತು. ಬ್ಲಾಗಿನ ಫೋಲ್ಡರ್ ತೆರೆದಳು. ಅದು ಗುಡಿಸಿದ ಹಾಗೆ ಖಾಲಿ ಇತ್ತು. ಈ ಗೂಡಿನಲ್ಲಿ ಯಾವುದಾದರೂ ಚೊಕ್ಕವಾಗಿದ್ದರೆ ಅದೊಂದೇ.

"ಭಾವ, ಅಸಲು ಚಿತ್ರಗಳನ್ನ ಯಾರೋ ಅಳಿಸಿದಾರೆ."

"ಯಾರೋ ಯಾಕೆ? ನಾನೇ ಅಳಿಸಿದ್ದು," ಎಂದರು ಭಾವ, ಪ್ರಶಸ್ತಿಗೆ ಕೈಚಾಚುವವರ ಧಾಟಿಯಲ್ಲಿ. "ಜಾಗ ತುಂಬಿದೆ, ಜಾಸ್ತಿ ಕಟ್ಟಿ ಅಂತ ಮೇಲ್ ಬಂತು. ಅಳಿಸಿ ನೋಡ್ದೆ, ಬ್ಲಾಗಲ್ಲಿ ಚಿತ್ರ ಹಾಗೇ ಇತ್ತು! ನಕಲು ಕಾಣ್ತಿರುವಾಗ ಅಸಲು ಯಾಕಮ್ಮ ಬೇಕು? ಒಂದೇ ಚಿತ್ರಕ್ಕೆ ಎರಡೆರಡು ಕಡೆ ಜಾಗ ದಂಡ."

ಜಗತ್ತಿನಲ್ಲಿ ಬೇರೆ ಯಾರಿಗಾದರೂ ಈ ಬುದ್ಧಿ ಹೊಳೆದೀತೇ? ಅವಳಿಗೆ ನಗು ಬರಬೇಕಿತ್ತು. ಅಷ್ಟರಲ್ಲಿ ಭಾವ ಹೆಬ್ಬೆರಳನ್ನು ನೆಕ್ಕಿ ಮೇಜಿನ ಕಾಗದವೊಂದನ್ನು ಮಗುಚಿದರು. ನಗು ಬಂದ ದಾರಿಯಲ್ಲೇ ವಾಪಸಾಯಿತು.

"ನಿಮ್ಮ ಕಂಪ್ಯೂಟರಲ್ಲಾದರೂ ಇದೆಯಾ?"

"ಅಲ್ಲೂ ಅಳಿಸಿದೆ. ಆದ್ರೆ ಅದರ ಕಸದ ಬುಟ್ಟಿ ಖಾಲಿ ಮಾಡಿಲ್ಲ."

ಕಸದ ಬುಟ್ಟಿ ಖಾಲಿ ಮಾಡದ ಭಾವನ ಗುಣದಿಂದ ಲೋಕಕ್ಕೆ ಲಾಭವಾದದ್ದು ಅದೊಂದೇ ಸಲ ಇರಬೇಕು. ಕಂಪ್ಯೂಟರಿನ ಬುಟ್ಟಿಯಲ್ಲಿ ಚಿತ್ರಗಳೆಲ್ಲ ಇದ್ದವು. ಅವಳು ಹೊರತೆಗೆದು, ಟ್ಯಾಂಕಿನ ಚಿತ್ರಗಳನ್ನೆಲ್ಲ ಸಾಲಾಗಿ ಜೋಡಿಸಿದಳು. ಯಾವುದು ಯಾವ ಬರಹಕ್ಕೆ ಸೇರಬೇಕೆಂದು ನೋಡಬೇಕಿತ್ತು. ಮೊದಲ ಚಿತ್ರದಲ್ಲಿ ಒಬ್ಬ ಕೆಲಸಗಾರ ಟ್ಯಾಂಕಿನ ಒಳಗೆ ನಿಂತು ಬಲಗೈಯಲ್ಲಿ ಬ್ರಷ್ ಹಿಡಿದಿದ್ದ. ಎರಡನೆಯದರಲ್ಲಿ ಎಡಗೈಯಲ್ಲಿ ಹಿಡಿದಿದ್ದ. ಮೂರನೆಯದರಲ್ಲಿ ಮತ್ತೆ ಬಲಗೈ, ಆದರೆ ಚಿತ್ರ ಸ್ವಲ್ಪ ಕಪ್ಪು. ನಾಲ್ಕನೆಯದರಲ್ಲಿ ಅವನ ತಲೆ ಕತ್ತರಿಸಿಹೋಗಿತ್ತು. ಎಲ್ಲದರಲ್ಲೂ ಅದೇ ನೀಲಿ ಬಕೆಟ್ಟು, ಬಕೆಟ್ಟಿನ ಹಿಡಿಗೆ ಅದೇ ಕೆಂಪು ದಾರ, ಅವನ ಅಂಗಿಯ ಬೆನ್ನಿನ ಮೇಲೆ ಅದೇ ಬೆವರಿನ ಕಲೆ. ಬ್ಲಾಗಿನಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಮೂರು ತಿಂಗಳ ಅಂತರ. ಇಲ್ಲಿ ಅಕ್ಕಪಕ್ಕ ಇಟ್ಟರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

"ಭಾವ, ಟ್ಯಾಂಕ್ ತೊಳೆಯೋದು ಎಷ್ಟು ವರ್ಷದಿಂದ ನಿಂತಿದೆ?"

ಭಾವ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಕುರ್ಚಿ ಎಳೆದು ಹತ್ತಿರ ಕೂತರು. ಅವರ ಬಾಯಿಂದ ಹಳಸಿದ ಕಾಫಿಯ ವಾಸನೆ ಬಂತು.

"ನೀನು ಮನೆಯವಳು, ನಿನ್ನ ಹತ್ರ ಮುಚ್ಚುಮರೆ ಏನು? ನಾನು ಅಧ್ಯಕ್ಷ ಆದಾಗ ಒಂದು ಸಲ ತೊಳೆಸಿದೆ. ಆಮೇಲೆ ಆ ಮನುಷ್ಯ ಸಿಗಲಿಲ್ಲ, ಬೇರೆಯವರನ್ನ ಹುಡುಕೋ ತಾಪತ್ರಯ ಯಾರಿಗೆ ಬೇಕು? ಜನಕ್ಕೆ ಬೇಕಾಗಿರೋದು ನೆಮ್ಮದಿ. ಚಿತ್ರ ನೋಡ್ತಾರೆ, ನೆಮ್ಮದಿಯಾಗಿ ಮಲಗ್ತಾರೆ. ಯಾರಾದ್ರೂ ಸತ್ತಿದ್ದಾರಾ?"

"ನೀವು ಆ ನೀರು ಕುಡೀತೀರಾ?"

"ನನ್ನದು ಸೂಕ್ಷ್ಮ ಹೊಟ್ಟೆ ಅಂತ ನಿನಗೇ ಗೊತ್ತಲ್ಲ."

ಗೊತ್ತಿತ್ತು. ಮೊದಲ ಮಹಡಿಗೆ ಬೆಳಗಾದರೆ ನೀರಿನ ಕ್ಯಾನು ಹೊತ್ತು ತರುವವನು ಕಟ್ಟಡಕ್ಕೆಲ್ಲ ಗೊತ್ತಿದ್ದ. ಅಧ್ಯಕ್ಷರು ಬಾಯಿ ಮುಕ್ಕಳಿಸುವುದಕ್ಕೂ ಕ್ಯಾನಿನ ನೀರೇ ಬೇಕು ಎಂದು ಜನ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ, ಜಾಣತನ ಎಂದು ಅವಳಿಗೆ ಈಗ ತಿಳಿಯಿತು.

"ಚಿತ್ರ ವಾಪಸ್ ಹಾಕಿಬಿಡು, ಸಾಕು. ಇನ್ನೊಂದು ಮಾತು," ಎಂದರು ಭಾವ ಏಳುತ್ತಾ, ದೊಡ್ಡ ಮನಸ್ಸು ಮಾಡಿದವರಂತೆ. "ಅಮ್ಮನ ವಿಷಯದಲ್ಲಿ ಬೇಜಾರು ಮಾಡ್ಕೋಬೇಡ. ಎಲ್ಲರಿಗೂ ಚೊಕ್ಕವಾಗಿ ಅಡುಗೆ ಮಾಡೋದು ಬರಲ್ಲ."

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸುತ್ತದೆ ಎಂಬ ಗಾದೆಯನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಕೋತಿ ಒರೆಸಿದ ಮೇಲೆ ಮೇಕೆಯನ್ನು ಸಮಾಧಾನವನ್ನೂ ಮಾಡುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅವಳು ಚಿತ್ರಗಳನ್ನು ತನ್ನ ಫೋನಿಗೆ ಹಾಕಿಕೊಂಡಳು. ಭಾವ ಹೊರಗೆ ಯಾರಿಗೋ ಕೈಬೀಸುತ್ತಿದ್ದಾಗ ಮೊಳೆಗೆ ತೂಗುಹಾಕಿದ್ದ ತಾರಸಿಯ ಬೀಗದ ಕೈ ತೆಗೆದುಕೊಂಡಳು.

ತಾರಸಿಯ ಮೇಲೆ ಬಿಸಿಲು ಸುಡುತ್ತಿತ್ತು. ಟ್ಯಾಂಕಿನ ಮುಚ್ಚಳ ಒಂದು ಕಡೆ ಒಡೆದು, ಆ ತೂತಿಗೆ ಯಾರೋ ಹಳೆಯ ಗೋಣಿಚೀಲ ತುರುಕಿದ್ದರು. ಚೀಲ ಅರ್ಧ ಒಳಗೆ ಕುಸಿದಿತ್ತು. ಅವಳು ಎರಡೂ ಕೈಯಿಂದ ಮುಚ್ಚಳ ಸರಿಸಿದಳು. ಮೊದಲು ವಾಸನೆ ಬಂತು. ಹೂದಾನಿಯಲ್ಲಿ ಕೊಳೆತ ನೀರಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ಸಿಹಿಯಾದ ಕೆಟ್ಟ ವಾಸನೆ. ನೀರಿನ ಮೇಲೆ ಕಂದು ಬಣ್ಣದ ಕೆನೆ ಕಟ್ಟಿತ್ತು. ಗೋಡೆಯ ಸುತ್ತ ಹಸಿರು ಲೋಳೆ, ಮುಟ್ಟಿದರೆ ಚರ್ಮದಂತೆ ಸುಲಿದು ಬರುವಷ್ಟು ದಪ್ಪ. ಕೆನೆಯ ನಡುವೆ ಪಾರಿವಾಳದ ರೆಕ್ಕೆಯೊಂದು ಹರಡಿಕೊಂಡಿತ್ತು. ರೆಕ್ಕೆಗೆ ಅಂಟಿಕೊಂಡು ಉಳಿದದ್ದೂ ಇತ್ತು. ಅದರ ಮೇಲೆ ಸಣ್ಣ ಬಿಳಿ ಹುಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಅವಳು ಗೋಡೆ ಹಿಡಿದು ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು, ನಲ್ಲಿಗೆ ಹೋಗಿ ಮುಖ ತೊಳೆಯಬೇಕೆಂದುಕೊಂಡಳು. ಆ ನಲ್ಲಿಗೆ ನೀರು ಬರುವುದು ಎಲ್ಲಿಂದ ಎಂದು ನೆನಪಾಗಿ ಮತ್ತೊಮ್ಮೆ ವಾಂತಿಯಾಯಿತು. ಆಮೇಲೆ ಉಸಿರು ಬಿಗಿಹಿಡಿದು ಫೋನು ತೆಗೆದು ಎಲ್ಲ ಕೋನದಿಂದಲೂ ಚಿತ್ರ ತೆಗೆದಳು.

ಮೆಟ್ಟಿಲು ಇಳಿಯುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಫಿಲ್ಟರಿನ ನೀರು ಕುಡಿಯುವ ತನಗೇನೂ ಆಗಿಲ್ಲ, ಅದೇ ನೀರು ಕುಡಿಯುವ ಅತ್ತೆಗೆ ಮಾತ್ರ ಯಾಕೆ? ಎರಡನೇ ಮಹಡಿಯ ತಿರುವಿನಲ್ಲಿ ಉತ್ತರ ಹೊಳೆದು ಅಲ್ಲೇ ಕೂತುಬಿಟ್ಟಳು. ಅತ್ತೆಯದು ಕಟ್ಟಿಸಿದ ಹಲ್ಲು. ಮಲಗುವಾಗ ಬಿಚ್ಚಿ ಬಟ್ಟಲಿಗೆ ಹಾಕುತ್ತಾರೆ, ಬೆಳಗಾದ ಮೇಲೆ ಹಾಗೇ ತೆಗೆದು ಬಾಯಿಗೆ ಇಟ್ಟುಕೊಳ್ಳುತ್ತಾರೆ. ಬಟ್ಟಲಿಗೆ ನೀರು ತುಂಬುವವಳು ಇವಳೇ. ಹಲ್ಲಿಗೆ ಯಾರು ಫಿಲ್ಟರಿನ ನೀರು ಹಾಕುತ್ತಾರೆ? ನಲ್ಲಿಯ ನೀರು ಹಾಕುತ್ತಿದ್ದಳು. ಆ ಕೆನೆ, ಆ ರೆಕ್ಕೆ, ಆ ಹುಳು ತೊಳೆದ ನೀರಿನಲ್ಲಿ ರಾತ್ರಿಯಿಡೀ ನೆನೆದ ಹಲ್ಲು. ಅವಳು ತನ್ನ ಕೈಗಳನ್ನೇ ದೂರ ಹಿಡಿದು ನೋಡಿದಳು. ಭಾವನ ಮೇಲಿನ ಅಸಹ್ಯಕ್ಕೆ ಈಗ ತನ್ನ ಮೇಲಿನದೂ ಸೇರಿ ಮೈಯೆಲ್ಲ ಮುಳ್ಳೆದ್ದಿತು.

ಅತ್ತೆ ಹಾಸಿಗೆಯ ಮೇಲೆ ದಿಂಬಿಗೆ ಒರಗಿದ್ದರು. ಬಾಗಿಲ ಹತ್ತಿರ ಅವರ ಬ್ಯಾಗು ಕಟ್ಟಿಟ್ಟಿತ್ತು. ಅವಳು ಏನನ್ನೂ ಬಚ್ಚಿಡದೆ ಹೇಳಿದಳು. ಸಾಲಾಗಿ ಜೋಡಿಸಿದ ಸುಳ್ಳು ಚಿತ್ರಗಳನ್ನು ತೋರಿಸಿದಳು, ಟ್ಯಾಂಕಿನ ಚಿತ್ರ ತೋರಿಸಿದಳು, ಬಟ್ಟಲಿನ ಕಥೆ ಹೇಳಿದಳು. ಅತ್ತೆ ಫೋನನ್ನು ಹಿಂದೆ ಮುಂದೆ ಸರಿಸಿ ಬಹಳ ಹೊತ್ತು ನೋಡಿದರು. ಬಾಯಿಗೆ ಬೆರಳು ಹಾಕಿ ಹಲ್ಲಿನ ಜೋಡಿಯನ್ನು ಕಿತ್ತು ಮೇಜಿನ ಮೇಲೆ ಎಸೆದರು. ಮುಖ ಒಮ್ಮೆಗೇ ಕುಸಿದು ಇನ್ನೂ ಹತ್ತು ವರ್ಷ ಮುದುಕಿಯಾದರು.

"ಹಾಗಾದ್ರೆ ನಿನ್ನ ಅಡುಗೆಯಿಂದ ಅಲ್ಲ."

"ಅಲ್ಲ ಅತ್ತೆ."

ಅತ್ತೆ ಅವಳ ಬಿರಿದ ಬೆರಳುಗಳನ್ನು ಹಿಡಿದು ಸವರಿದರು. ಇಷ್ಟು ತಿಂಗಳಿಂದ ಚಿಕ್ಕ ಸೊಸೆ ಕಾದದ್ದು ಈ ಒಂದು ಮಾತಿಗೆ.

"ಇದನ್ನ ಬ್ಲಾಗಿಗೆ ಹಾಕ್ತೀಯಾ?"

"ಹಾಕ್ಬೇಕು. ಇಡೀ ಕಟ್ಟಡ ಈ ನೀರಲ್ಲಿ ಬಾಯಿ ತೊಳೀತಿದೆ. ಚಿಕ್ಕ ಚಿಕ್ಕ ಮಕ್ಕಳಿದಾರೆ."

"ನೀರು ಕಾಯಿಸ್ಕೊಳ್ಳಿ ಅಂತ ಮನೆ ಮನೆಗೆ ಹೋಗಿ ಹೇಳು. ಚಿತ್ರ ಹಾಕ್ಬೇಡ." ಹಲ್ಲಿಲ್ಲದ ಬಾಯಿಯಿಂದ ಮಾತು ಮೆತ್ತಗೆ ಬರುತ್ತಿತ್ತು. "ಅವನ ಮಾನ ಹೋಗುತ್ತೆ ಕಣೇ. ನಿನ್ನ ಅಡುಗೆಮನೆ ಗಲೀಜು ಅಂತಾನೇ ಇರಲಿ. ನಾನು ಭಾನುವಾರ ಹೋಗ್ತೀನಿ, ಅಲ್ಲಿಗೆ ಮುಗೀತು. ನೀನು ಹೇಗಿದ್ರೂ ತಡ್ಕೋತೀಯ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಸರಿ, ಮುದ್ದು ಮಾಡಲಿ. ಆದರೆ ಹೆಗ್ಗಣದ ಹೊಲಸನ್ನು ಇನ್ನೊಬ್ಬರ ಮಗಳ ತಲೆಗೆ ಯಾಕೆ ಸುರಿಯಬೇಕು? ಅತ್ತೆಯ ಬೆರಳುಗಳು ಇನ್ನೂ ಅವಳ ಕೈ ಸವರುತ್ತಿದ್ದವು. ಅವಳಿಗೆ ಆ ಸ್ಪರ್ಶವೇ ಜಿಗುಟು ಎನ್ನಿಸಿತು. ಕೈ ಬಿಡಿಸಿಕೊಂಡಳು.

"ಇಲ್ಲ ಅತ್ತೆ. ಇದೊಂದು ತಡ್ಕೊಳ್ಳಲ್ಲ."

ಅತ್ತೆಯ ಕಣ್ಣೆದುರಿಗೇ ಊಟದ ಮೇಜಿಗೆ ಕೂತಳು. ಹಳೆಯ ಚಿತ್ರಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು, ಕೆಳಗೆ ಇವತ್ತಿನ ಟ್ಯಾಂಕನ್ನು ಇಟ್ಟಳು. "ಮೇಲಿನವೆಲ್ಲ ಒಂದೇ ದಿನದ ಚಿತ್ರ. ಕೆಳಗಿನದು ಇವತ್ತಿನದು. ನೀರನ್ನು ಕಾಯಿಸದೆ ಬಾಯಿಗೆ ಹಾಕಬೇಡಿ," ಎಂದಷ್ಟೇ ಬರೆದಳು. ನಡುವಿನ ಸರ್ವರಿನಲ್ಲಿ ಉಳಿದಿದ್ದ ಹಳೆಯದನ್ನೆಲ್ಲ ತೆಗೆದುಹಾಕಿ, ಹೊಸದು ಎಲ್ಲರ ಫೋನಿಗೂ ಹೋಗುತ್ತದೆಯೇ ಎಂದು ಖಾಸಗಿ ಕಿಟಕಿಯಲ್ಲಿ ನೋಡಿದಳು. ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಹುಳುಗಳೂ ಕಾಣುತ್ತಿದ್ದವು.

ಕಟ್ಟಡಕ್ಕೆ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇಲಿನ ಮಹಡಿಯಲ್ಲಿ ಯಾರೋ ಕಿರುಚಿದ್ದು ಕೇಳಿಸಿತು. ಬಾಗಿಲುಗಳು ತೆರೆದುಕೊಂಡವು. ಕಂಕುಳಲ್ಲಿ ಮಗು ಇಟ್ಟುಕೊಂಡವರು, ಕೈಯಲ್ಲಿ ಸೌಟು ಹಿಡಿದವರು, ಎಲ್ಲರೂ ಫೋನು ಹಿಡಿದು ಇವಳ ಬಾಗಿಲ ಮುಂದೆ ನೆರೆದರು. ಅವರ ಹಿಂದೆಯೇ ಭಾವ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಅವರ ಮುಖ ಕೆಂಪಾಗಿತ್ತು, ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ಏನಮ್ಮಾ ಇದು? ಯಾವುದೋ ಕೊಚ್ಚೆ ಗುಂಡಿ ಚಿತ್ರ ತಂದು ನಮ್ಮ ಟ್ಯಾಂಕು ಅಂತ ಹಾಕಿದೀಯಾ?"

ಚಿಕ್ಕ ಸೊಸೆ ಬೀಗದ ಕೈಯನ್ನು ಮುಂದೆ ಚಾಚಿದಳು. "ಬೀಗದ ಕೈ ಇಲ್ಲಿದೆ. ಎಲ್ಲರೂ ಹೋಗಿ ನೋಡಿ ಬನ್ನಿ."

ಯಾರಾದರೂ ಹೆಜ್ಜೆ ಎತ್ತುವ ಮೊದಲು ಒಳಗಿನಿಂದ ಅತ್ತೆ ಬಂದರು. ಗೋಡೆ ಹಿಡಿದು, ಕಾಲೆಳೆಯುತ್ತಾ, ಬ್ಯಾಗನ್ನೂ ಎಳೆದುಕೊಂಡು ಹೊಸ್ತಿಲಿಗೆ ಬಂದು ನಿಂತರು. ಅತ್ತೆ ಯಾರ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದರು.

"ಟ್ಯಾಂಕು ಸರಿಯಾಗೇ ಇದೆ. ನನ್ನ ದೊಡ್ಡ ಮಗ ತೊಳೆಸಿದಾನೆ. ನನ್ನ ಕಾಯಿಲೆಗೆ ಕಾರಣ ಇವಳ ಅಡುಗೆಮನೆ. ಅದು ಹೊರಗೆ ಬರುತ್ತೆ ಅಂತ ಇವಳು ಹೀಗೆ ಮಾಡಿದಾಳೆ."

ಚಿಕ್ಕ ಸೊಸೆಗೆ ಅತ್ತೆಯ ಮೇಲೆ ಅಸಹ್ಯ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ತಾರಸಿಯಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿಯೇ ಬಂತು. ಆದರೆ ಅವಳು ಚಾಚಿದ್ದ ಬೀಗದ ಕೈಯನ್ನು ಕೆಳಗಿಳಿಸಿದಳು. ತಾನು ತುತ್ತು ಕಲಸಿ ಕೊಟ್ಟ, ವಾಂತಿ ಬಳಿದ, ಬೆನ್ನು ನೀವಿದ ಮುದುಕಿ ಅಷ್ಟು ಜನರ ಮುಂದೆ ನಡುಗುತ್ತಾ ಸುಳ್ಳು ಹೇಳುತ್ತಿದ್ದಳು.

ಹೇಳಿ ಮುಗಿಸಿ ಅತ್ತೆ ಮಗನ ಕಡೆ ತಿರುಗಿದರು. ಅವರ ಕಣ್ಣು ಏನನ್ನೋ ಕಾಯುತ್ತಿತ್ತು. ಇಲ್ಲಮ್ಮ, ತಪ್ಪು ನನ್ನದು ಎಂದು ಅವನು ಒಂದು ಮಾತು ಹೇಳುತ್ತಾನೆ, ಹೇಳಿಯೇ ಹೇಳುತ್ತಾನೆ, ಹೆತ್ತ ತಾಯಿಯ ಬಾಯಿಂದ ಇಂಥ ಮಾತು ಆಡಿಸಿಕೊಂಡು ಯಾವ ಮಗ ತಾನೇ ಸುಮ್ಮನಿರುತ್ತಾನೆ ಎಂದು ಕಾಯುತ್ತಿತ್ತು.

ಭಾವ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅವರ ಕುತ್ತಿಗೆ ಮೆಲ್ಲಗೆ ಹಿಂದಕ್ಕೆ ವಾಲಿತು.

"ಕೇಳಿದ್ರಲ್ಲ?" ಎಂದರು ಜನರ ಕಡೆ ತಿರುಗಿ. "ನಾನು ಹೇಳಿದ್ರೆ ನಂಬಲ್ಲ. ಹಡೆದವಳೇ ಹೇಳ್ತಿದಾಳೆ, ಕೇಳಿ. ಇವಳ ಅಡುಗೆಮನೆಗೆ ಹೋಗಿ ನೋಡಿ, ವಾಂತಿ ಬರುತ್ತೆ."

ಜನ ಭಾವನನ್ನು ನೋಡಲಿಲ್ಲ. ಎಲ್ಲರೂ ಅತ್ತೆಯನ್ನೇ ನೋಡುತ್ತಿದ್ದರು. ಅತ್ತೆ ಮಗನ ಮುಖವನ್ನು, ಅದರ ಮೇಲಿನ ನೆಮ್ಮದಿಯನ್ನು, ಇದೇ ಮೊದಲ ಸಲ ಕಂಡವರಂತೆ ನೋಡುತ್ತಾ ನಿಂತಿದ್ದರು. ಕುಸಿದ ಕೆನ್ನೆ ಒಮ್ಮೆ ಉಬ್ಬಿತು.

"ಥೂ!" ಎಂದರು.

ಹಲ್ಲಿಲ್ಲದ ಬಾಯಿಯಿಂದ ಉಗುಳು ದೂರ ಹೋಗಲಿಲ್ಲ, ಅವರದೇ ಗಲ್ಲದ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಬ್ಯಾಗು ಎಳೆದುಕೊಂಡು ಒಳಗೆ ತಿರುಗಿದರು. ಚಿಕ್ಕ ಸೊಸೆಯ ಪಕ್ಕದಲ್ಲಿ ಹಾದುಹೋಗುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಇವರನ್ನೆಲ್ಲ ತಾರಸಿಗೆ ಕರ್ಕೊಂಡು ಹೋಗು," ಎಂದರು. "ಮೊದಲು ಅವನನ್ನ ಹತ್ತಿಸು."